ದೀರ್ಘಕಾಲಿಕ ಹಿಮ್ಮಡಿ ನೋವು

ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ದಪ್ಪ ತಂತುಪಟ್ಟಿಗೆ ಉಂಟಾಗುವ ತೊಂದರೆಯನ್ನು ಪ್ಲಾಂಟಾರ್ ಫ್ಯಾಸಿಯೈಟಿಸ್ ಎನ್ನುತ್ತಾರೆ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ಚುಚ್ಚಿದಂತೆ ನೋಯುವುದು ಇದರ ಮುಖ್ಯ ಲಕ್ಷಣ. ವಿಶ್ರಾಂತಿ, ಸೂಕ್ತ ಪಾದರಕ್ಷೆ ಹಾಗೂ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮಗಳಿಂದ ಬಹುಪಾಲು ರೋಗಿಗಳು ಒಂದು ವರ್ಷದೊಳಗೆ ಗುಣವಾಗುತ್ತಾರೆ. ಸುಮಾರು 6 ತಿಂಗಳ ಚಿಕಿತ್ಸೆಯ ಬಳಿಕವೂ ನೋವು ಉಳಿದರೆ ಮೊದಲು ಮರುಪರಿಶೀಲಿಸಬೇಕಾದುದು ರೋಗನಿರ್ಣಯವನ್ನೇ. ಮೂಳೆಯ ಸೂಕ್ಷ್ಮ ಬಿರುಕು, ನರದ ಮೇಲಿನ ಒತ್ತಡ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂತಹ ಸಂಧಿವಾತ ಇವೂ ಅಲ್ಲಿಯೇ ನೋವು ತರಬಲ್ಲವು. ಎಕ್ಸ್-ರೇಯಲ್ಲಿ ಕಾಣುವ ಮೂಳೆಯ ಮುಳ್ಳು ನೋವಿಲ್ಲದವರಲ್ಲಿಯೂ ಇರುವುದರಿಂದ ಅದನ್ನೇ ಕಾರಣವೆಂದು ಭಾವಿಸಲಾಗದು.

ಚಿಕಿತ್ಸೆ

ರೋಗದ ಹೆಸರು ಉರಿಯೂತವನ್ನು ಸೂಚಿಸುತ್ತದೆಯಾದರೂ ಅದು ಅಷ್ಟು ಸರಿಯಲ್ಲ. 2003ರಲ್ಲಿ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಪರೀಕ್ಷಿಸಿದಾಗ ಕಂಡುಬಂದದ್ದು ಉರಿಯೂತವಲ್ಲ, ತಂತುಗಳ ಕ್ಷಯ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಮಟ್ಟಿಗೆ ನೋವನ್ನು ತಗ್ಗಿಸುತ್ತದೆ. ಪದೇ ಪದೇ ಕೊಟ್ಟರೆ ತಂತುಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯವಿದೆ. ಸುತ್ತಿದ ಟವೆಲ್ ಮೇಲೆ ಬೆರಳುಗಳನ್ನಿರಿಸಿ, ಒಂಟಿ ಕಾಲಿನಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವು ಡೆನ್ಮಾರ್ಕ್‌ನ ಒಂದು ಸಣ್ಣ ಅಧ್ಯಯನದಲ್ಲಿ 3 ತಿಂಗಳಿಗೆ ಹಿಗ್ಗಿಸುವಿಕೆಗಿಂತ ಹೆಚ್ಚು ಫಲ ನೀಡಿತು. ವರ್ಷ ಕಳೆಯುವಷ್ಟರಲ್ಲಿ ಆ ಅಂತರ ಉಳಿಯಲಿಲ್ಲ. ಇದಕ್ಕೂ ಮಣಿಯದ ನೋವಿಗೆ ಆಘಾತ ತರಂಗ ಚಿಕಿತ್ಸೆಯನ್ನು ಬಳಸುವರು.

ಶಸ್ತ್ರಚಿಕಿತ್ಸೆ ಕೊನೆಯ ಆಯ್ಕೆ. ತಂತುಪಟ್ಟಿಯನ್ನು ಪೂರ್ತಿ ಕತ್ತರಿಸಿದರೆ ಪಾದದ ಕಮಾನು ಕುಸಿಯಬಹುದಾದ್ದರಿಂದ ಸಾಮಾನ್ಯವಾಗಿ ಒಂದು ಭಾಗವನ್ನಷ್ಟೇ ಬಿಡಿಸಲಾಗುತ್ತದೆ. ಮೀನಖಂಡದ ಸ್ನಾಯು ಬಿಗಿಯಾಗಿರುವವರಲ್ಲಿ ಪಾದವನ್ನು ಮುಟ್ಟದೆ ಆ ಸ್ನಾಯುವಿನ ಸ್ನಾಯುರಜ್ಜುವನ್ನೇ ಸಡಿಲಿಸುವುದೂ ಉಂಟು.