ವೃದ್ಧಾಶ್ರಮ: ಆರೈಕೆಯ ಅಳತೆ

ಮನೆಯವರಲ್ಲದವರು, ಸಂಬಳಕ್ಕೋ ಸೇವೆಯೆಂದೋ, ಹತ್ತಾರು ವಯಸ್ಸಾದವರನ್ನು ಒಂದೇ ಸೂರಿನಡಿ ಹಗಲೂ ರಾತ್ರಿ ನೋಡಿಕೊಳ್ಳುವ ವ್ಯವಸ್ಥೆ ವೃದ್ಧಾಶ್ರಮ. ಕರ್ನಾಟಕಕ್ಕೆ ಇದು ತೀರ ಹೊಸತಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಪಂಥದ ಸನ್ಯಾಸಿನಿಯರ ವೃದ್ಧರ ಮನೆ 1900ರಲ್ಲೇ ಶುರುವಾಯಿತು. ಆ ಪಂಥದ ಮೂಲ ಫ್ರಾನ್ಸಿನಲ್ಲಿದೆ. ಅಲ್ಲಿ 1839ರಲ್ಲಿ ಝಾನ್ ಜುಗಾನ್ ಎಂಬಾಕೆ ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನು ಬಿಟ್ಟುಕೊಟ್ಟಳು. ಹಳ್ಳಿಗಾಡಿನಲ್ಲಿ ವೃದ್ಧಾಶ್ರಮ ಎಂಬ ಮಾತು ಬಳಕೆಗೆ ಬಂದದ್ದು ಬಹಳ ತಡವಾಗಿ. ಬಂದದ್ದೂ ಬೈಗುಳವಾಗಿಯೇ. ಮಗನನ್ನು ಚುಚ್ಚಲು ತಾಯಿ ಆಡುವ ಮಾತು ಅದು. 2011ರ ಜನಗಣತಿಯ ಹೊತ್ತಿಗೆ ರಾಜ್ಯದ ಜನರಲ್ಲಿ ಅರವತ್ತು ದಾಟಿದವರು ನೂರಕ್ಕೆ 9.5ರಷ್ಟಿದ್ದರು. ದೇಶದ ಸರಾಸರಿ 8.6.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಗಂಗೆಯ ಹೊಂಡಕ್ಕೆ ಹೆಸರಾದ ಕ್ಷೇತ್ರ. ಹರಕೆ ಹೊತ್ತವರು ಹೊಂಡದ ಮುಂದೆ ಕೂತು ಬೇಡಿಕೊಳ್ಳುತ್ತಾರೆ, ನೀರಿನ ಮೇಲೆ ತೇಲಿಬಂದದ್ದನ್ನು ಗಂಗಮ್ಮನ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಸಂತಾನ ಬೇಡಿ ಬರುವವರು ಅಲ್ಲಿ ಬಹಳ. ಮಕ್ಕಳಾದರೆ ಮುಪ್ಪಿಗೆ ಆಸರೆಯಾಯಿತು ಎಂಬ ಲೆಕ್ಕ ಆ ಹರಕೆಯೊಳಗೂ ಇದೆ. ಮಕ್ಕಳಾಗದವರಿಗೆ ಆ ಲೆಕ್ಕ ಮೊದಲೇ ಕೂಡುವುದಿಲ್ಲ, ಮಕ್ಕಳಿದ್ದವರಿಗೂ ಈಗ ಪೂರ್ತಿ ಕೂಡುತ್ತಿಲ್ಲ. ಮಳೆ ನಂಬಿದ ರಾಗಿ ಹೊಲ, ಕೊಳವೆಬಾವಿ ನಂಬಿದ ಅಡಿಕೆ, ತೆಂಗಿನ ತೋಟಗಳ ಈ ಸೀಮೆಯಿಂದ ಹುಡುಗರು ಬೆಂಗಳೂರಿಗೋ ದಾವಣಗೆರೆಗೋ ದುಡಿಯಲು ಹೋದರೆ ಮನೆಯಲ್ಲಿ ಉಳಿಯುವವರು ವಯಸ್ಸಾದ ಗಂಡ ಹೆಂಡತಿ. ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ, ಇಲ್ಲವೇ ಜಾರಿಬಿದ್ದು ಸೊಂಟ ಮುರಿದಾಗ, ಆಶ್ರಮದ ಮಾತು ಏಳುತ್ತದೆ.

ಕಾನೂನು ಮೊದಲು ಮನೆಯವರ ಕಡೆಗೇ ಬೆರಳು ತೋರಿಸುತ್ತದೆ. ‘ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007’ ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ರಾಜ್ಯದ ನಿಯಮಗಳು 2009ರವು. ಹೆತ್ತವರನ್ನು ಸಾಕುವುದು ಬೆಳೆದ ಮಕ್ಕಳ ಹೊಣೆ. ಮಕ್ಕಳಿಲ್ಲದವರ ವಿಷಯದಲ್ಲಿ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಬಂಧುಗಳ ಹೊಣೆ. ಉಪವಿಭಾಗ ಮಟ್ಟದ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದುಮಾಡಲು 23ನೇ ಕಲಮು ದಾರಿ ಕೊಡುತ್ತದೆ.

ವೃದ್ಧಾಶ್ರಮದ ಮಾತು ಬರುವುದು 19ನೇ ಕಲಮಿನಲ್ಲಿ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸಾಲುವಷ್ಟು ದೊಡ್ಡ ಆಶ್ರಮಗಳನ್ನು ರಾಜ್ಯ ಸರ್ಕಾರ ಕಟ್ಟಬಹುದು ಎನ್ನುತ್ತದೆ ಅದು. ಕಟ್ಟಲೇಬೇಕು ಎನ್ನುವುದಿಲ್ಲ. ಹೀಗಾಗಿ ರೂಢಿಯಲ್ಲಿರುವುದು ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು, 25 ಜನರ ಲೆಕ್ಕದಲ್ಲಿ ನಡೆಸುವ ಚಿಕ್ಕ ಆಶ್ರಮ. ಕೇಂದ್ರದ ಯೋಜನೆಯೂ ಇದೇ ಸಂಖ್ಯೆಯನ್ನು ಹಿಡಿದಿದೆ. ಒಂದು ರೀತಿಯಲ್ಲಿ ಇದು ಒಳ್ಳೆಯದೇ ಆಯಿತು. 150 ಜನರ ಊಟದ ಹಾಲ್‌ನಲ್ಲಿ ಯಾರು ಎರಡು ದಿನದಿಂದ ತಟ್ಟೆ ಹಾಗೇ ಬಿಟ್ಟಿದ್ದಾರೆ ಎಂಬುದು ಅಡುಗೆಯವರ ಕಣ್ಣಿಗೆ ಬೀಳುವುದು ಕಷ್ಟ.

ಆರೈಕೆಯ ಗುಣಮಟ್ಟವನ್ನು ಅಳೆಯುವವರು ಸಾಮಾನ್ಯವಾಗಿ ಹಿಡಿಯುವ ಕ್ರಮವನ್ನು ವೈದ್ಯ ಅವೇಡಿಸ್ ಡೊನಬೇಡಿಯನ್ 1966ರಲ್ಲಿ ಹಾಕಿಕೊಟ್ಟರು: ಏನೇನು ಇದೆ, ಏನೇನು ನಡೆಯುತ್ತದೆ, ಅದರಿಂದ ಆದದ್ದೇನು. ಮೊದಲನೆಯದನ್ನು ಎಣಿಸುವುದು ಸುಲಭ. ಕಾಯ್ದೆಯ ಜೊತೆಗೆ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ತಲೆಗೆ 7.5 ಚದರ ಮೀಟರ್ ಜಾಗ ಇರಬೇಕೆನ್ನುತ್ತವೆ. ಅದೇ ನಿಯಮಗಳಲ್ಲಿ, ಓದುಬರಹ ಬಾರದವರನ್ನೂ ತೀರ ಬಳಲಿದವರನ್ನೂ ಅರ್ಜಿಯಿಲ್ಲದೆಯೇ ಸೇರಿಸಿಕೊಳ್ಳಬಹುದು ಎಂಬ ಮಾತಿದೆ. ಅಳತೆಪಟ್ಟಿಗಿಂತ ಈ ಒಂದು ಸಾಲು ಹೆಚ್ಚು ತಿಳಿವಳಿಕೆಯದು.

ಕಟ್ಟಡದಲ್ಲಿ ನೋಡಬೇಕಾದದ್ದು ಮುಂಬಾಗಿಲಲ್ಲ, ಬಚ್ಚಲು. ದಾನಿಗಳು ಹಾಕಿಸಿಕೊಡುವ ನುಣ್ಣನೆಯ ಟೈಲ್ಸ್ ಒದ್ದೆಯಾದರೆ ಮುದುಕರಿಗೆ ಅಪಾಯ, ಒರಟು ಕಡಪ ಕಲ್ಲೇ ವಾಸಿ. ಮಂಡಿ ಮಡಚಲಾರದವರಿಗೆ ಕಮೋಡು ಬೇಕು. ಅದರ ಪಕ್ಕದ ಗೋಡೆಗೆ ಮೈಭಾರ ತಡೆಯುವ ಹಿಡಿಕಂಬಿ, ಹೊಸಿಲಿಲ್ಲದ ಬಾಗಿಲು, ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಇಲ್ಲಿನ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ಮೊದಲೇ ಬೆನ್ನು ಬಗ್ಗದವರಿಗೆ ಅದೇ ನೀರನ್ನು ಕುಡಿಸುವ ಆಶ್ರಮ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ನೀರಿನ ಪರೀಕ್ಷೆಯ ವರದಿಯನ್ನು ಕೇಳಿ ನೋಡುವುದು ಬಂಧುಗಳ ಮೊದಲ ಕೆಲಸ.

ಗೋಡೆ ಕಟ್ಟಿಸುವುದು ಒಮ್ಮೆಯ ಖರ್ಚು, ಕೆಲಸಕ್ಕೆ ಜನ ಇಡುವುದು ದಿನದಿನದ ಖರ್ಚು. ಆಶ್ರಮಗಳು ಸೋಲುವುದು ಇಲ್ಲೇ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿ ಒಬ್ಬರಾದರೂ ಎದ್ದಿರಲು ಮೂರೂವರೆ ಜನ ಬೇಕು. ಹಬ್ಬ, ಜ್ವರ, ಮದುವೆ ಮನೆಯ ರಜೆ ಸೇರಿಸಿದರೆ ನಾಲ್ವರು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಲು ಇಬ್ಬರ ಕೈ ಬೇಕು, ಎಂದರೆ ಎಂಟು ಜನ. ಹಿಡಿದು ಸ್ನಾನ ಮಾಡಿಸಬೇಕಾದವರು ಹತ್ತು ಮಂದಿ ಇದ್ದು ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿದರೂ ಐದು ಗಂಟೆಯ ಕೆಲಸ. ಈ ಲೆಕ್ಕ ಗೊತ್ತಿದ್ದರೆ ‘ನಮ್ಮಲ್ಲಿ ಇಬ್ಬರು ಆಯಾಗಳಿದ್ದಾರೆ, 24 ಗಂಟೆ ಸೇವೆ’ ಎಂಬ ಫಲಕದ ಅರ್ಥ ತಿಳಿಯುತ್ತದೆ. ಆ ಇಬ್ಬರು ಅಲ್ಲೇ ಮಲಗುತ್ತಾರೆ, ಕೂಗಿದರೆ ಏಳುತ್ತಾರೆ. ಕೂಗಲಾರದವರ ಗತಿ ಬೆಳಗ್ಗೆ ತಿಳಿಯುತ್ತದೆ. ಹಗಲು ಭೇಟಿಗೆ ಬಂದವರಿಗೆ ಇದು ಕಾಣುವುದಿಲ್ಲ. ಆರೈಕೆಯ ಮಟ್ಟ ತಿಳಿಯಬೇಕಾದವರು ರಾತ್ರಿ ಪಾಳಿಯ ಹಾಜರಿ ಪುಸ್ತಕ ಕೇಳಬೇಕು. ಇಂಥ ಕೆಲಸಕ್ಕೆ ಬರುವವರು ಹೆಚ್ಚಾಗಿ ಅಕ್ಕಪಕ್ಕದ ಊರಿನ ಹೆಂಗಸರು. ಕೂಲಿಗಿಂತ ಕಡಿಮೆ ಸಂಬಳವಿದ್ದರೆ ಅಡಿಕೆ ಸುಲಿಯುವ ಕಾಲ ಬಂದಾಗ ಅವರು ತೋಟದ ಕಡೆ ನಡೆಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಪ್ರತಿ ವರ್ಷ ಮುಖಗಳು ಬದಲಾಗುವ ಕಡೆ, ಯಾವ ಅಜ್ಜಿ ಎಡಗೈಯಲ್ಲಿ ಉಣ್ಣುತ್ತಾರೆ, ಯಾವ ಅಜ್ಜನಿಗೆ ಬಲಗಿವಿ ಕೇಳಿಸದು ಎಂಬ ತಿಳಿವಳಿಕೆಯೂ ಅವರೊಂದಿಗೇ ಹೊರಟುಹೋಗುತ್ತದೆ.

ಊಟದ ವಿಷಯಕ್ಕೆ ಬಂದರೆ, ಈ ಸೀಮೆಯ ಮುದುಕರಿಗೆ ಮುದ್ದೆಯಿಲ್ಲದ ಊಟ ಊಟವಲ್ಲ. ಹಲ್ಲಿಲ್ಲದವರಿಗೆ ಮುದ್ದೆ ಅನುಕೂಲ, ಅಗಿಯದೆ ನುಂಗಬಹುದು. ಆದರೆ ಲಕ್ವ ಹೊಡೆದವರ ಗಂಟಲು ಹಿಡಿತ ತಪ್ಪಿದ್ದರೆ ಅದೇ ಮುದ್ದೆ ಉಸಿರುಗಟ್ಟಿಸಬಹುದು, ತೀರ ತೆಳ್ಳಗಿನ ನೀರೂ ಶ್ವಾಸನಾಳಕ್ಕೆ ಇಳಿಯಬಹುದು. ಅವರನ್ನು ಎತ್ತಿ ಕೂರಿಸಿ, ಗಟ್ಟಿ ಅಂಬಲಿಯನ್ನು ಚಮಚ ಚಮಚವಾಗಿ ಕೊಡಬೇಕು. ಅದಕ್ಕೂ ಹೊತ್ತು ಬೇಕು, ಅಂದರೆ ಮತ್ತೆ ಜನ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಜೊತೆಗೆ, ರಾತ್ರಿ ಏಳಬೇಕಾಗುತ್ತದೆಂದು ಹೆದರಿ ಹಲವರು ಸಂಜೆಯ ಮೇಲೆ ನೀರನ್ನೇ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಇದರಿಂದ ಮಲಬದ್ಧತೆ, ಮೂತ್ರದ ಸೋಂಕು, ಒಮ್ಮೊಮ್ಮೆ ಹಠಾತ್ ಗೊಂದಲ, ತೊದಲು ಮಾತು ಕಾಣಿಸಿಕೊಳ್ಳುತ್ತವೆ. ಅದನ್ನು ಅರುಳುಮರುಳು ಎಂದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ದಾನದ ಊಟ ಇನ್ನೊಂದು ವಿಚಿತ್ರ. ಹುಟ್ಟುಹಬ್ಬ, ಮದುವೆಯ ವಾರ್ಷಿಕ, ತಿಥಿ, ಪಿತೃಪಕ್ಷ ಎಂದು ದಾನಿಗಳು ಒಂದು ದಿನದ ಊಟ ಹಾಕಿಸುತ್ತಾರೆ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಳಿಗೆ, ಪಾಯಸ, ಚಿತ್ರಾನ್ನ ಮೇಲಿಂದ ಮೇಲೆ ಬರುತ್ತವೆ. ಶುಗರ್ ಇದ್ದವರು ಬೇಡವೆನ್ನಲಾರರು, ಬಡಿಸಿದವರು ಎದುರಿಗೇ ನಿಂತಿರುತ್ತಾರೆ, ಫೋಟೊ ಆಗಬೇಕು. ಅದೇ ದುಡ್ಡಿನಲ್ಲಿ ತಿಂಗಳಿಡೀ ಸೊಪ್ಪು, ಮೊಟ್ಟೆ, ಹಾಲು, ಇಲ್ಲವೇ ಡಯಾಪರ್ ತರಬಹುದು. ಡಯಾಪರ್ ದಾನ ಮಾಡಿ ಫೋಟೊ ತೆಗೆಸಿಕೊಂಡವರು ಅಪರೂಪ. ಒಳ್ಳೆಯ ಆಶ್ರಮಗಳು ದಾನಿಗಳಿಗೆ ಬೇಕಾದ ಸಾಮಾನಿನ ಪಟ್ಟಿ ಕೊಡುತ್ತವೆ, ನಿವಾಸಿಗಳ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಎತ್ತಲು ಬಿಡುವುದಿಲ್ಲ.

ಹಾಸಿಗೆ ಹುಣ್ಣು ಆರೈಕೆಯ ಕನ್ನಡಿ ಎನ್ನಬಹುದು. ಮೈಭಾರ ಒಂದೇ ಕಡೆ ಒತ್ತಿ, ರಕ್ತ ಹರಿಯದೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಸಾಯುತ್ತದೆ. ಮೊದಲ ಗುರುತು, ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಕಲೆ. ಕಪ್ಪು ಮೈಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಕೈಗೆ ಬಿಸಿಯಾಗಿಯೋ ಗಟ್ಟಿಯಾಗಿಯೋ ತಿಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ಕೂಡಲೇ ತೆಗೆಯುವುದು, ಪುಷ್ಟಿಯ ಊಟ ಇವೇ ಮದ್ದು. ನೀರಿನ ಹಾಸಿಗೆ ಕೊಂಡು ಸುಮ್ಮನಾಗುವಂತಿಲ್ಲ. ಮಾತ್ರೆಗಳ ಕಡೆಯೂ ಅಷ್ಟೇ ಎಚ್ಚರ ಬೇಕು. ಬೇರೆ ಬೇರೆ ಡಾಕ್ಟರು ಬರೆದ ಎಂಟು ಹತ್ತು ಮಾತ್ರೆಗಳು ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ. ಅಮೆರಿಕದ ವೈದ್ಯ ಮಾರ್ಕ್ ಬೀಯರ್ಸ್ 1991ರಲ್ಲಿ ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿ ಮಾಡಿದ್ದು ಇಂಥ ಆರೈಕೆ ಮನೆಗಳ ನಿವಾಸಿಗಳಿಗಾಗಿಯೇ. ನಿದ್ದೆ ಮಾತ್ರೆ ಅದರಲ್ಲಿ ಮುಖ್ಯವಾದದ್ದು. ರಾತ್ರಿ ನೋಡಿಕೊಳ್ಳಲು ಜನವಿಲ್ಲದ ಕಡೆ ನಿದ್ದೆ ಮಾತ್ರೆ ಕಾವಲುಗಾರನ ಕೆಲಸ ಮಾಡುತ್ತದೆ. ನಡುರಾತ್ರಿ ಎದ್ದವರು ಅದರ ಮಂಪರಿನಲ್ಲೇ ಬೀಳುತ್ತಾರೆ. ಮರೆವಿನ ಕಾಯಿಲೆಯವರನ್ನು ಮಂಚಕ್ಕೆ ಕಟ್ಟುವುದೂ ಇದೇ ಜಾತಿಯದು. ಅಮೆರಿಕ 1987ರ ಕಾನೂನಿನಲ್ಲಿ, ಸಿಬ್ಬಂದಿಯ ಅನುಕೂಲಕ್ಕಾಗಿ ನಿವಾಸಿಗಳನ್ನು ಕಟ್ಟಿಹಾಕುವುದನ್ನು ನಿಷೇಧಿಸಿತು. ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಕೆಲವು ಸಂಸ್ಥೆಗಳು ಮರೆವಿನವರಿಗೆಂದೇ ಬೇರೆ ಕೇಂದ್ರ ನಡೆಸುತ್ತವೆ. ತಾಲ್ಲೂಕು ಮಟ್ಟದ ಆಶ್ರಮಗಳಲ್ಲಿ ಅವರೂ ಉಳಿದವರೂ ಒಟ್ಟಿಗೇ ಇರುತ್ತಾರೆ.

ಇನ್ನೊಂದು ಅಳತೆ ಇದೆ, ಅದು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್, ವೇಲ್ಸ್‌ಗಳ 173 ವೃದ್ಧರ ಮನೆಗಳನ್ನು ನೋಡಿ 1962ರಲ್ಲಿ ಪುಸ್ತಕ ಬರೆದರು. ಅಲ್ಲಿನವರಿಗೆ ಕೆಲಸವಿಲ್ಲ, ತಮ್ಮದೆಂಬ ಮೂಲೆಯಿಲ್ಲ, ಯಾವ ನಿರ್ಧಾರವೂ ಕೈಯಲ್ಲಿಲ್ಲ ಎಂಬುದು ಅವರು ಕಂಡದ್ದು. ಅಮೆರಿಕದಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊನೆಯದನ್ನೇ ಹಿಡಿಯಿತು. ಒಂದು ಮಹಡಿಯವರಿಗೆ ಗಿಡ ಆರಿಸಿಕೊಂಡು ನೀವೇ ನೀರೆರೆಯಿರಿ, ಸಿನಿಮಾ ಯಾವತ್ತು ನೋಡಬೇಕೆಂದು ನೀವೇ ಹೇಳಿ ಎಂದರು. ಇನ್ನೊಂದು ಮಹಡಿಯಲ್ಲಿ ಎಲ್ಲವನ್ನೂ ನರ್ಸುಗಳೇ ಮಾಡಿದರು. ಮೊದಲಿನವರು ಹೆಚ್ಚು ಚುರುಕಾಗಿ, ಗೆಲುವಾಗಿ ಕಂಡರು.

ಇಲ್ಲಿಯ ಆಶ್ರಮಗಳಲ್ಲಿ ನಿರ್ಧಾರ ಕೈತಪ್ಪುವುದರ ರೂಪ ಬೇರೆ. ತೊಳೆಯಲು ಸುಲಭವೆಂದು ಸೀರೆ ಬಿಡಿಸಿ ನೈಟಿ ಹಾಕುವುದು, ಬಾಚುವ ಕೆಲಸ ತಪ್ಪಲೆಂದು ಕೇಳದೆಯೇ ಕೂದಲು ಕತ್ತರಿಸುವುದು. ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲವನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಆ ಕತ್ತರಿಯ ಅವಮಾನ ಬಿಡಿಸಿ ಹೇಳಬೇಕಿಲ್ಲ. ಎಲೆಅಡಿಕೆಯ ಚೀಲ ಕಿತ್ತಿಡುವುದು, ಸಂಧ್ಯಾ ಸುರಕ್ಷಾ ಪಿಂಚಣಿಯ ಪಾಸ್‌ಬುಕ್ಕನ್ನು ಆಫೀಸಿನ ಬೀರುವಿಗೆ ಸೇರಿಸುವುದೂ ಇದರಲ್ಲೇ ಬರುತ್ತವೆ. ಇದಕ್ಕೆ ಎದುರಾಗಿ, ‘ಗೌಡ್ರೇ’, ‘ಮೇಷ್ಟ್ರೇ’ ಎಂದು ಊರಲ್ಲಿ ಕರೆಯುತ್ತಿದ್ದಂತೆಯೇ ಕರೆದು, ಸೊಪ್ಪು ಬಿಡಿಸಲು, ಬತ್ತಿ ಹೊಸೆಯಲು, ಕರಿಬೇವಿನ ಗಿಡಕ್ಕೆ ಪಾತಿ ಮಾಡಲು ಬಿಡುವ ಆಶ್ರಮದಲ್ಲಿ ಖರ್ಚು ಹೆಚ್ಚೇನೂ ಆಗುವುದಿಲ್ಲ. ಸೇರುವಾಗಲೇ ಅಂತ್ಯಕ್ರಿಯೆಯ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳುವುದೂ ಮುಖ್ಯ. ಹೂಳುವವರಾರು, ಸುಡುವವರಾರು, ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸುವುದು ಬೇಡ ಎಂಬುದನ್ನು ಕೇಳಿದರೆ ಮುದುಕರು ನೊಂದುಕೊಳ್ಳುವುದಕ್ಕಿಂತ ನಿರಾಳವಾಗುವುದೇ ಹೆಚ್ಚು.

ಫಲವನ್ನು ಅಳೆಯಲು ದೊಡ್ಡ ಯಂತ್ರಗಳು ಬೇಡ. ತಿಂಗಳಿಗೊಮ್ಮೆ ತೂಕ ನೋಡಬೇಕು. 50 ಕಿಲೋ ಇದ್ದವರು ಒಂದೇ ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಡಾಕ್ಟರಿಗೆ ತೋರಿಸಬೇಕಾದ ಸಂಗತಿ. ಬಿದ್ದವರ ಪಟ್ಟಿಯಲ್ಲಿ ಗಂಟೆಯನ್ನೂ ಬರೆಯಬೇಕು, ಆಗ ಬೆಳಗಿನ ಜಾವ ಬಚ್ಚಲ ಬಳಿಯೇ ಹೆಚ್ಚು ಜನ ಬೀಳುತ್ತಿದ್ದಾರೆಯೇ ಎಂಬುದು ಹೊರಬೀಳುತ್ತದೆ. ಉಣ್ಣುವುದು, ಮೀಯುವುದು, ನಡೆಯುವುದು ಮುಂತಾದ ಹತ್ತು ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂದು ನೂರಕ್ಕೆ ಅಂಕ ಹಾಕುವ ಬಾರ್ಥೆಲ್ ಸೂಚಿ 1965ರಿಂದ ಬಳಕೆಯಲ್ಲಿದೆ. ಸೇರಿದ ದಿನದ ಅಂಕವನ್ನೂ ಆರು ತಿಂಗಳ ಬಳಿಕದ ಅಂಕವನ್ನೂ ಪಕ್ಕಪಕ್ಕ ಇಟ್ಟರೆ ಬಹಳಷ್ಟು ತಿಳಿಯುತ್ತದೆ.

ಇದನ್ನೆಲ್ಲ ನೋಡುವವರಾರು? ಅನುದಾನ ಪಡೆದ ಆಶ್ರಮಗಳ ಮೇಲೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಯ ಕಣ್ಣಿರುತ್ತದೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 13ರಂದು, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ತರಿಸುವಂತೆ ಕೇಂದ್ರಕ್ಕೆ ಹೇಳಿತು. ಆಶ್ರಮಗಳ ನೋಂದಣಿ ಮತ್ತು ಕನಿಷ್ಠ ಮಟ್ಟವನ್ನು ಕಡ್ಡಾಯ ಮಾಡುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತಾದರೂ ಅಂಗೀಕಾರವಾಗದೆ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಹಾಗಾಗಿ ದಾನದಲ್ಲೋ ಶುಲ್ಕದಲ್ಲೋ ನಡೆಯುವ ಆಶ್ರಮಗಳಲ್ಲಿ ಬಂಧುಗಳು, ದಾನಿಗಳು ಹೇಳದೆ ಕೇಳದೆ ಹೋಗಿ ನೋಡುವುದೇ ಸದ್ಯಕ್ಕೆ ದೊಡ್ಡ ತಪಾಸಣೆ. ದೂರಿದ್ದರೆ 14567ಕ್ಕೆ ಕರೆ ಮಾಡಬಹುದು. ಹಿರಿಯರ ಈ ರಾಷ್ಟ್ರೀಯ ಸಹಾಯವಾಣಿ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ ಮಾಡುತ್ತದೆ, ಕರೆಗೆ ದುಡ್ಡಿಲ್ಲ.