ಪಾರ್ಸೆಲ್ ವಿಳಾಸದ ಎರಡು ಅಂಕಿಗಳು: ಕಂಪ್ಯೂಟರ್ ಅವನ್ನು ಹೇಗೆ ಓದುತ್ತದೆ?



ಮೊಬೈಲ್ ಆ್ಯಪ್ ಕಂಪೆನಿಗಳಿಗೆ ಕಮಿಷನ್ ಕೊಟ್ಟು ಸಾಕಾಗಿ ನಮ್ಮಲ್ಲಿ ಕೆಲವರು ಪಾರ್ಸೆಲನ್ನೂ ಆಫೀಸು ಊಟವನ್ನೂ ಸ್ವಂತ ಹುಡುಗರ ಕೈಯಲ್ಲೇ ಕಳುಹಿಸುತ್ತಿದ್ದಾರೆ. ಅದಕ್ಕೆಂದು ಸಣ್ಣ ಪ್ರೋಗ್ರಾಮ್ ಬರೆಸಿಕೊಂಡವರೂ ಇದ್ದಾರೆ. ಗಿರಾಕಿಗಳ ಜಾಗವನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟರೆ ಸಾಕು, ಯಾವ ಹುಡುಗ ಯಾವ ಕಡೆಗೆ ಹೊರಡಬೇಕೆಂದು ಪ್ರೋಗ್ರಾಮ್ ಪಟ್ಟಿ ಮಾಡಿಕೊಡುತ್ತದೆ. ಪ್ರೋಗ್ರಾಮ್ ಬರೆಯುವುದು ಕಲಿತವರ ಕೆಲಸ, ಅದು ನಮಗೆ ಬೇಡ. ಆದರೆ ಫೈಲ್ ನಮ್ಮದು. ಅದರಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಸಾಂಬಾರ್ ತಣ್ಣಗಾಗುವುದೂ, ಗಿರಾಕಿಯ ಬೈಗುಳ ಕೇಳುವುದೂ ನಾವೇ. ಆದುದರಿಂದ ಅದು ಹೇಗೆ ಓದಲ್ಪಡುತ್ತದೆ ಎಂಬಷ್ಟನ್ನು ನಾವು ತಿಳಿದಿರಬೇಕು.

1890ರಿಂದ ಈ ಊರಿನಲ್ಲಿ ಡಬ್ಬಾವಾಲಾಗಳು ನಡೆಸಿಕೊಂಡು ಬಂದಿರುವ ಪದ್ಧತಿಯನ್ನು ನೆನಪಿಸಿಕೊಳ್ಳಿ. ಡಬ್ಬಿಯ ಮುಚ್ಚಳದ ಮೇಲೆ ಗಿರಾಕಿಯ ಹೆಸರಿಲ್ಲ. ಇಳಿಯುವ ಸ್ಟೇಷನ್ನಿಗೆ ಒಂದು ಅಂಕಿ, ಕಟ್ಟಡ ಮತ್ತು ಮಾಳಿಗೆಗೆ ಒಂದು ಗುರುತು, ಹೊರಟ ಕಡೆಗೆ ಇನ್ನೊಂದು. ಯಾವ ಗುರುತು ಎಲ್ಲಿ ಎಂಬುದು ನಿಶ್ಚಿತ. ನಮ್ಮ ಫೈಲಿನ ಒಂದೊಂದು ಸಾಲೂ ಹೀಗೊಂದು ಮುಚ್ಚಳ. ಉದಾಹರಣೆಗೆ:

18.940,72.835,ಸಿಎಸ್‌ಎಂಟಿ ಸ್ಟೇಷನ್
19.229,72.857,ಬೊರಿವಲಿ ಸ್ಟೇಷನ್

ಮೊದಲನೆಯದು ಅಕ್ಷಾಂಶ, ಅಂದರೆ ಉತ್ತರ-ದಕ್ಷಿಣದ ಲೆಕ್ಕ. ಎರಡನೆಯದು ರೇಖಾಂಶ, ಪೂರ್ವ-ಪಶ್ಚಿಮದ ಲೆಕ್ಕ. ಮಧ್ಯೆ ಅಲ್ಪವಿರಾಮ. ಪ್ರೋಗ್ರಾಮ್ ಫೈಲನ್ನು ತೆರೆದು ಒಂದು ಸಾಲನ್ನು ಎತ್ತಿಕೊಳ್ಳುತ್ತದೆ, ಅಲ್ಪವಿರಾಮ ಇದ್ದಲ್ಲಿ ಕತ್ತರಿಸುತ್ತದೆ, ಮೊದಲ ಎರಡು ತುಂಡುಗಳನ್ನು ಸಂಖ್ಯೆಯಾಗಿ ಪರಿವರ್ತಿಸಿ ಇಟ್ಟುಕೊಂಡು ಮುಂದಿನ ಸಾಲಿಗೆ ಹೋಗುತ್ತದೆ. ಸಾಲು ಮುಗಿಯುವವರೆಗೆ ಇದೇ ಕೆಲಸ.

ಈ "ಪರಿವರ್ತಿಸಿ" ಎಂಬ ಮಾತು ಮುಖ್ಯ. ಫೈಲಿನಿಂದ ಬಂದದ್ದೆಲ್ಲ ಕಂಪ್ಯೂಟರಿಗೆ ಮೊದಲು ಬರೀ ಅಕ್ಷರ. ಪೈಥಾನ್ ಎಂಬ ಭಾಷೆಯಲ್ಲಿ ಪರಿವರ್ತಿಸದೆ 19ಕ್ಕೆ 72 ಕೂಡಿಸಿದರೆ 91 ಬರುವುದಿಲ್ಲ, 1972 ಬರುತ್ತದೆ. ಎರಡನ್ನೂ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಇನ್ನು ಪರಿವರ್ತಿಸುವಾಗ ದಶಾಂಶವನ್ನು ಬಿಟ್ಟು ಪೂರ್ಣಾಂಕವಾಗಿ ಮಾಡಿದರೆ ನಮ್ಮ ಎಲ್ಲ ಗಿರಾಕಿಗಳೂ 18 ಅಥವಾ 19, 72 ಎಂಬ ಜಾಗದಲ್ಲಿ ಗುಂಪುಗೂಡುತ್ತಾರೆ. ಅದು ವರಳಿಯಿಂದ ಪಶ್ಚಿಮಕ್ಕೆ 80 ಕಿ.ಮೀ.ಗೂ ಮಿಕ್ಕಿ ದೂರದ ಅರಬ್ಬೀ ಸಮುದ್ರ!

ದಶಾಂಶದ ನಂತರದ ಅಂಕಿಗಳ ಬೆಲೆ ತಿಳಿದಿರಲಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಹಾಗಾದರೆ ಎರಡನೆಯ ಅಂಕಿಗೆ ಒಂದು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಮೂರನೆಯದಕ್ಕೆ 111 ಮೀಟರ್, ನಾಲ್ಕನೆಯದಕ್ಕೆ 11 ಮೀಟರ್. ಮೇಲೆ ಸ್ಟೇಷನ್ನಿಗೆ ಮೂರು ಅಂಕಿ ಸಾಕಾಯಿತು. ಗಿರಾಕಿಯ ಕಟ್ಟಡಕ್ಕೆ ಐದು ಇರಲಿ. ರೈಲ್ವೆ ಹಳಿಯ ಈಚೆ ಈಸ್ಟ್, ಆಚೆ ವೆಸ್ಟ್ ಎನ್ನುವ ನಮ್ಮ ಊರಿನಲ್ಲಿ ನೂರು ಮೀಟರ್ ಸಣ್ಣ ಮಾತಲ್ಲ. ಎಕ್ಸೆಲ್‌ನಲ್ಲಿ ಆ ಕಾಲಮ್ ಎರಡೇ ದಶಾಂಶ ತೋರಿಸುವಂತೆ ಇದ್ದರೆ, ಸಿಎಸ್‌ವಿ ಫೈಲಾಗಿ ಉಳಿಸುವಾಗ ತೋರಿಸಿದಷ್ಟನ್ನೇ ಬರೆಯುತ್ತದೆ. ಉಳಿದ ಅಂಕಿಗಳು ಸದ್ದಿಲ್ಲದೆ ಹೋಗುತ್ತವೆ.

ಹೆಚ್ಚಾಗಿ ಆಗುವ ಎಡವಟ್ಟು ಅದಲುಬದಲು. ಗೂಗಲ್ ಮ್ಯಾಪಿನಲ್ಲಿ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಅಕ್ಷಾಂಶ ಮೊದಲು ಬರುತ್ತದೆ. ಆದರೆ ಕೆಎಂಎಲ್, ಜಿಯೋಜೇಸನ್ ಮುಂತಾದ ಫೈಲುಗಳಲ್ಲಿ ರೇಖಾಂಶ ಮೊದಲು. ತಿರುಗುಮುರುಗಾದರೆ ನಿಮ್ಮ ಇಡ್ಲಿ-ವಡೆ ನಾರ್ವೆ ದೇಶದ ಟ್ರೋಮ್ಸೋ ಪಟ್ಟಣಕ್ಕಿಂತಲೂ ಉತ್ತರದ ಸಮುದ್ರಕ್ಕೆ ಹೊರಡುತ್ತದೆ. ಡಬ್ಬಾವಾಲಾ ಆಗಿದ್ದರೆ "ಸೇಠ್, ಏನೋ ತಪ್ಪಿದೆ" ಎಂದು ಹೇಳುತ್ತಿದ್ದ. ಪ್ರೋಗ್ರಾಮಿಗೆ ಹೇಳಿಸಿದರೆ ಮಾತ್ರ ಹೇಳುತ್ತದೆ. ಅದನ್ನು ಹೇಳಿಸುವುದು ಸುಲಭ: ಕೊಲಾಬಾದಿಂದ ದಹಿಸರ್, ಮುಲುಂಡ್‌ವರೆಗಿನ ಗಿರಾಕಿಗಳಾದರೆ ಮೊದಲ ಸಂಖ್ಯೆ 18.89ರಿಂದ 19.28ರ ಒಳಗೆ, ಎರಡನೆಯದು 72.77ರಿಂದ 73ರ ಒಳಗೆ ಇರಲೇಬೇಕು. ಇಲ್ಲದ ಸಾಲನ್ನು ಬೇರೆಯಾಗಿ ತೋರಿಸು ಎಂದು ಬರೆಸಿಡಿ. ನೆರೂಲ್, ಬೇಲಾಪುರದವರು ಎರಡನೆಯ ಮಿತಿಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು.

ಡಿಗ್ರಿ-ಮಿನಿಟುಗಳಲ್ಲಿ ಬರೆದ ಲೆಕ್ಕ ಸಿಕ್ಕಿದರೂ ಜಾಗ್ರತೆ. 19 ಡಿಗ್ರಿ 4 ಮಿನಿಟು ಎಂದರೆ 19.04 ಅಲ್ಲ, 4ನ್ನು 60ರಿಂದ ಭಾಗಿಸಬೇಕು, 19.067 ಆಗುತ್ತದೆ. ವ್ಯತ್ಯಾಸ ಸುಮಾರು 3 ಕಿ.ಮೀ., ಬಾಂದ್ರಾದಿಂದ ಸಾಂತಾಕ್ರೂಜ್‌ನಷ್ಟು. ಈ ತಪ್ಪು ಮೇಲಿನ ಮಿತಿಯೊಳಗೇ ಇರುವುದರಿಂದ ಪ್ರೋಗ್ರಾಮ್ ಹಿಡಿಯದು, ನಾವೇ ನೋಡಬೇಕು.

ಉಳಿದವು ಚಿಲ್ಲರೆ ತೊಂದರೆಗಳು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಪ್ರೋಗ್ರಾಮ್ ನಿಲ್ಲುವುದು ಇವುಗಳಿಂದಲೇ. ಕೊನೆಗೊಂದು ಖಾಲಿ ಸಾಲು ಇದ್ದರೆ ಅದನ್ನೂ ಸಂಖ್ಯೆ ಮಾಡಲು ಹೋಗಿ ಮುಗ್ಗರಿಸುತ್ತದೆ. ಮೊದಲ ಸಾಲಿನಲ್ಲಿ "ಅಕ್ಷಾಂಶ, ರೇಖಾಂಶ" ಎಂಬ ತಲೆಬರಹ ಇದ್ದರೆ ಅದನ್ನು ಬಿಟ್ಟು ಓದಲು ಹೇಳಬೇಕು. "ಶಾಪ್ ನಂ. 4, ತಳಮಾಳಿಗೆ" ಎಂಬಲ್ಲಿನ ಅಲ್ಪವಿರಾಮದಲ್ಲೂ ಅದು ಕತ್ತರಿಸುತ್ತದೆ. ಅದಕ್ಕೇ ಹೆಸರು-ವಿಳಾಸ ಕೊನೆಗೆ ಇರಲಿ, ಮೊದಲ ಎರಡು ಅಲ್ಪವಿರಾಮಗಳಲ್ಲಿ ಮಾತ್ರ ಕತ್ತರಿಸುವಂತೆ ಹೇಳಿ. ಕನ್ನಡ, ಮರಾಠಿಯಲ್ಲಿ ಹೆಸರು ಬರೆಯುವವರು ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದು ಆರಿಸಿ ಉಳಿಸಬೇಕು, ಇಲ್ಲವಾದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಎಲ್ಲ ಸರಿಯಾಗಿ ಓದಿದ ಮೇಲೂ ಒಂದು ವಿಷಯವಿದೆ. ಎರಡು ಬಿಂದುಗಳಿಂದ ಪ್ರೋಗ್ರಾಮ್ ಲೆಕ್ಕ ಹಾಕುವುದು ಕಾಗೆ ಹಾರುವ ದೂರ. ವರ್ಸೋವಾ-ಮಢ್ ನಡುವೆ ಖಾಡಿ ದಾಟಿದರೆ ಕೂಗಳತೆ. ದೋಣಿ ಇಲ್ಲದ ಹೊತ್ತಿನಲ್ಲಿ ಮಲಾಡ್ ಸುತ್ತಿ ಬರಬೇಕು. 2024ರ ಜನವರಿಯಲ್ಲಿ ತೆರೆದ ಶಿವಡಿ-ನ್ಹಾವಾ ಶೇವಾ ಅಟಲ್ ಸೇತು 21.8 ಕಿ.ಮೀ. ಇದ್ದರೂ ಅದರಲ್ಲಿ ಬೈಕಿಗೆ ಪ್ರವೇಶವಿಲ್ಲ. ಬಾಂದ್ರಾ-ವರಳಿ ಸೀ ಲಿಂಕಿನಲ್ಲೂ ಇಲ್ಲ. ನಮ್ಮ ಹುಡುಗರು ಹೋಗುವುದು ಬೈಕಿನಲ್ಲಿ. ಆದುದರಿಂದ ಪ್ರತಿ ಸಾಲಿಗೆ ನಾಲ್ಕನೆಯ ಗುರುತಾಗಿ "ಈಸ್ಟ್", "ವೆಸ್ಟ್", "ಖಾಡಿಯ ಆಚೆ" ಎಂದು ರೇಖಾಂಶದ ನಂತರ, ವಿಳಾಸಕ್ಕೆ ಮೊದಲು ಸೇರಿಸಿ, ಆಗ ಕತ್ತರಿಸುವುದು ಮೂರು ಅಲ್ಪವಿರಾಮಗಳಲ್ಲಿ. ಈ ಗುರುತನ್ನು ಬರೆಯಲು ಗಲ್ಲಿಗಲ್ಲಿ ತಿಳಿದ ನಮ್ಮ ಹಳೆಯ ಹುಡುಗರೇ ಬೇಕು.

ಪ್ರೋಗ್ರಾಮ್ ಬರೆಯುವವರ ಹತ್ತಿರ ಹಣದ ಮಾತು ಮುಗಿಸುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಕೆಟ್ಟ ಸಾಲು ಬಂದರೆ ನಿಲ್ಲದೆ, ಮುಚ್ಚಿಡದೆ, "17ನೇ ಸಾಲು ಸರಿಯಿಲ್ಲ" ಎಂದು ತಿಳಿಸಬೇಕು. ಮತ್ತು ಫೈಲ್ ಸಾದಾ ಟೆಕ್ಸ್ಟ್ ಆಗಿ ನಿಮ್ಮ ಕೈಯಲ್ಲೇ ಇರಬೇಕು. ನಾಳೆ ಅವರನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೂ ಗಿರಾಕಿಗಳ ಪಟ್ಟಿ ನಿಮ್ಮ ಜತೆ ಬರುತ್ತದೆ. ಅದರ ಒಂದು ಪ್ರತಿ ಪೆನ್ ಡ್ರೈವಿನಲ್ಲಿಟ್ಟು ಗಲ್ಲಾದಲ್ಲಿ ಬೀಗ ಹಾಕಿಡಿ. ಅದರಲ್ಲಿ ಇರುವುದು ಜನರ ಮನೆಗಳು, ವಾಟ್ಸಾಪ್ ಗುಂಪಿಗೆ ಹಾಕಬೇಡಿ.