ದೊಡ್ಡ ಚಕ್ರ ಇದ್ದ ಮಾತ್ರಕ್ಕೆ ಧರೆ ಹತ್ತುವುದಿಲ್ಲ

ತೀರ್ಥಹಳ್ಳಿ ಹತ್ತಿರದ ನನ್ನ ಅಕ್ಕನ ಮನೆಯ ಅಂಗಳ ರಿಮೋಟ್ ಕಾರಿಗೆ ಕಠಿಣ ಪರೀಕ್ಷೆ. ಸಗಣಿ ಸಾರಿಸಿದ ನುಣುಪು ನೆಲ, ಅದು ಮುಗಿಯುತ್ತಲೇ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಆಮೇಲೆ ತೋಟಕ್ಕೆ ಇಳಿಯುವ ಧರೆ, ಕೆಳಗೆ ಒದ್ದೆ ದರಗು. ಸೋದರಳಿಯನಿಗೆ ಎಂಟು ತುಂಬಿದ ವರ್ಷ ಬೆಂಗಳೂರಿನಿಂದ ನಾನು ಒಯ್ದ ಕಾರು ಅಲ್ಲಿ ಬಾಳಿದ್ದು ಹತ್ತೊಂಬತ್ತು ದಿನ. ಪೆಟ್ಟಿಗೆಯ ಮೇಲೆ ಅದು ಬಂಡೆ ಹತ್ತುವ ಚಿತ್ರವಿತ್ತು. ಇಪ್ಪತ್ತನೆಯ ದಿನ ಅವನು ಫೋನು ಮಾಡಿ, "ಮಾವ, ಕಾರು ಬರೀ ಎಡಕ್ಕೇ ಹೋಗ್ತದೆ" ಅಂದ. ಬಿಚ್ಚಿ ನೋಡಿದರೆ ಸ್ಟೀರಿಂಗಿನ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಮುರಿದಿದ್ದವು. ಕೊಂಡ ಅಂಗಡಿಯಲ್ಲಿ ವಿಚಾರಿಸಿದೆ. ಇದಕ್ಕೆ ಬಿಡಿಭಾಗ ಬರುವುದಿಲ್ಲ, ಹೊಸದೇ ತಗೊಳ್ಳಿ ಎಂದರು. ಉಗುರಿಗಿಂತ ಚಿಕ್ಕದೊಂದು ಗೇರಿಗಾಗಿ ಇಡೀ ಕಾರು ಗುಜರಿಗೆ ಹೋಯಿತು.

ಅಂದಿನಿಂದ ಇಂಥ ಕಾರುಗಳನ್ನು ಬಿಚ್ಚಿ ನೋಡುವುದು ನನಗೆ ಅಭ್ಯಾಸವಾಗಿದೆ. ಹೊಸ ಕಾರು ಕೊಳ್ಳುವ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದೂ ಉಂಟು. ಅವರ ಬಾಯಲ್ಲಿ ಮತ್ತೆ ಮತ್ತೆ ಬರುವ ಕೆಲವು ನಂಬಿಕೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನಾನೂ ಒಂದು ಕಾಲಕ್ಕೆ ಇವನ್ನೆಲ್ಲ ನಂಬಿದ್ದವನೇ.

"ಮಕ್ಕಳು ಹೇಗೂ ಮುರೀತಾರೆ, ಅಗ್ಗದ್ದೇ ಸಾಕು"

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ನಂಬಿಕೆ ಇದು. ಮಕ್ಕಳು ಮುರಿಯುತ್ತಾರೆ ಎಂಬುದು ನಿಜ. ನಿಜವಾಗಿರುವುದರಿಂದಲೇ, ಮುರಿದರೆ ಸರಿಪಡಿಸಲು ಬರುವ ಕಾರು ಬೇಕು.

ಮಾರುಕಟ್ಟೆಯಲ್ಲಿ ಎರಡು ಜಾತಿಯ ಕಾರುಗಳಿವೆ. ಒಂದು ಆಟಿಕೆ ದರ್ಜೆಯದು. ಅದರಲ್ಲಿ ಮೋಟರು, ಸ್ಟೀರಿಂಗ್, ಸರ್ಕ್ಯೂಟ್ ಎಲ್ಲ ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ, ಒಂದು ಹೋದರೆ ಎಲ್ಲವೂ ಹೋದಂತೆ. ಇನ್ನೊಂದು ಹಾಬಿ ದರ್ಜೆಯದು. ಅದರಲ್ಲಿ ಮೋಟರು ಬೇರೆ, ಸ್ಟೀರಿಂಗ್ ತಿರುಗಿಸುವ ಸರ್ವೋ ಬೇರೆ, ಚಕ್ರ ಹಿಡಿದ ತೋಳು ಬೇರೆ. ಸ್ಕ್ರೂ ಬಿಚ್ಚಿ ಕೆಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಬಹುದು. ಜಪಾನಿನ ತಮಿಯಾ ಕಂಪನಿ 1984ರಲ್ಲಿ ಗ್ರಾಸ್‌ಹಾಪರ್ ಎಂಬ ಆಫ್-ರೋಡ್ ಬಗ್ಗಿಯನ್ನು ಬಿಡಿಭಾಗಗಳ ಕಿಟ್ ಆಗಿ ಮಾರಿತು. ಅದನ್ನು ಕೂತು ಜೋಡಿಸಿದ ಹುಡುಗ ಹುಡುಗಿಯರಿಗೆ ಯಾವ ಸ್ಕ್ರೂ ಎಲ್ಲಿದೆ, ಯಾವ ಭಾಗ ಯಾಕಿದೆ ಎಂಬುದು ಗೊತ್ತಿರುತ್ತಿತ್ತು. 2005ರಲ್ಲಿ ಅದೇ ಕಾರು ಮತ್ತೆ ಮಾರುಕಟ್ಟೆಗೆ ಬಂತು. ಇಪ್ಪತ್ತು ವರ್ಷ ಕಳೆದರೂ ಅದರ ವಿನ್ಯಾಸ ಹಳತಾಗಿರಲಿಲ್ಲ.

ಈಗ ಎರಡರ ನಡುವಿನ ದರ್ಜೆಯೂ ಸಿಗುತ್ತದೆ. ಚೀನಾದ ಡಬ್ಲ್ಯುಪಿಎಲ್, ಎಂಎನ್ ಹೆಸರಿನ ನಿಧಾನಗತಿಯ ಟ್ರಕ್ಕುಗಳು ಅಂಥವು. ಗೇರು, ಆಕ್ಸಲ್, ಸರ್ವೋ ಎಲ್ಲ ಬಿಡಿಯಾಗಿ ಮಾರಾಟಕ್ಕಿವೆ. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಮೂಲ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದೆ. ಹಾಗಾಗಿ ಇವು ಮೊದಲಿನಷ್ಟು ಅಗ್ಗವಲ್ಲ. ಅಷ್ಟು ದುಡ್ಡು ಕೊಡುವ ಮೊದಲು ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: ಇದರ ಸ್ಟೀರಿಂಗ್ ಗೇರು ಬಿಡಿಯಾಗಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಆ ಕಾರು ಬೇಡ. ಮೋಟರು, ಬ್ಯಾಟರಿ, ವೈರು, ಕನೆಕ್ಟರುಗಳಂಥ ಸಾಮಾನ್ಯ ಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ. ಆದರೆ ಆ ಕಾರಿಗೆ ಮಾತ್ರ ಹೊಂದುವ ಪ್ಲಾಸ್ಟಿಕ್ ತೋಳನ್ನು ಯಾವ ರಸ್ತೆಯಲ್ಲೂ ಹುಡುಕಲಾಗದು.

"ರಿಮೋಟ್ ಅಂದ್ರೆ ರಿಮೋಟ್, ಅದರಲ್ಲೇನು ವ್ಯತ್ಯಾಸ?"

ವ್ಯತ್ಯಾಸವೆಲ್ಲ ಇಲ್ಲೇ ಇದೆ. ಅಗ್ಗದ ಕಾರಿನ ರಿಮೋಟಿಗೆ ಇರುವುದು ವಿದ್ಯುತ್ ದೀಪದ ಸ್ವಿಚ್ಚಿನ ಬುದ್ಧಿ. ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ನಿಲುಗಡೆ. ಸ್ಟೀರಿಂಗ್ ಮುಟ್ಟಿದರೆ ಪೂರ್ತಿ ಎಡ, ಇಲ್ಲವೆ ಪೂರ್ತಿ ಬಲ. ಒಳ್ಳೆಯ ಕಾರಿನಲ್ಲಿ ಬೆರಳು ಎಷ್ಟು ಒತ್ತಿತೋ ಅಷ್ಟೇ ವೇಗ, ಎಷ್ಟು ತಿರುಗಿಸಿದರೋ ಅಷ್ಟೇ ತಿರುವು. ಪೆಟ್ಟಿಗೆಯ ಮೇಲೆ ಇದನ್ನು 'ಪ್ರಪೋರ್ಷನಲ್ ಕಂಟ್ರೋಲ್' ಎಂದು ಬರೆದಿರುತ್ತಾರೆ.

ಕಲ್ಲುಮಣ್ಣಿನ ನೆಲದಲ್ಲಿ ಕಾರು ಓಡಿಸಿದ ಮಗುವಿಗೆ ಇದರ ಬೆಲೆ ಗೊತ್ತು. ಮೆಟ್ಟಿಲಿನ ಅಂಚಿಗೆ ಮುಂದಿನ ಚಕ್ರ ತಾಗಿಸಿ, ತುಸು ತುಸುವೇ ಒತ್ತಿ, ಚಕ್ರ ಕಚ್ಚಿಕೊಂಡಿತು ಅನ್ನಿಸಿದಾಗ ಇನ್ನಷ್ಟು ಒತ್ತಬೇಕು. ಸ್ವಿಚ್ಚಿನಂಥ ರಿಮೋಟಿನಲ್ಲಿ ಇದು ಆಗದ ಮಾತು. ಕಾರು ನುಗ್ಗುತ್ತದೆ, ಗುದ್ದುತ್ತದೆ, ಮಗುಚುತ್ತದೆ. ಅಮ್ಮ ಅಪ್ಪ ಮಗುವಿಗೆ ಓಡಿಸಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಮಗುವೂ ಹಾಗೆಯೇ ನಂಬಿಬಿಡುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ತಪ್ಪು ಅದರ ಬೆರಳಿನದಲ್ಲ.

ಪರೀಕ್ಷೆ ಅರ್ಧ ನಿಮಿಷದ್ದು. ಅಂಗಡಿಯಲ್ಲಿ ಕಾರನ್ನು ಕೈಯಲ್ಲಿ ಎತ್ತಿ ಹಿಡಿದು ಸ್ಟೀರಿಂಗನ್ನು ಒಂದಿಷ್ಟೇ ತಿರುಗಿಸಿ. ಚಕ್ರ ಒಂದಿಷ್ಟೇ ಹೊರಳಿದರೆ ಸರಿ. ಟಕ್ಕನೆ ಕೊನೆಯವರೆಗೂ ಹೊರಳಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

"ಸ್ಪೀಡ್ ಜಾಸ್ತಿ ಇದ್ದಷ್ಟೂ ಒಳ್ಳೆ ಕಾರು"

ಲೆಕ್ಕ ಹಾಕಿ ನೋಡೋಣ. ಗಂಟೆಗೆ 30 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ಹೆಚ್ಚು ಓಡುತ್ತದೆ. ಎದುರಿಗೆ ತುಳಸಿಕಟ್ಟೆ ಇದೆ ಎಂದು ಕಂಡು ಬೆರಳು ಬಿಡಲು ಮಗುವಿಗೆ ಅರ್ಧ ಸೆಕೆಂಡು ಹಿಡಿದರೂ ಕಾರು ಆಗಲೇ ನಾಲ್ಕು ಮೀಟರು ಮುಂದೆ ಹೋಗಿರುತ್ತದೆ. ಆ ವೇಗದಲ್ಲಿ ಗುದ್ದಿದರೆ ಬೀಳುವ ಪೆಟ್ಟು, ಅದೇ ಕಾರನ್ನು ಮೂರೂವರೆ ಮೀಟರು ಎತ್ತರದಿಂದ, ಅಂದರೆ ಸಾಧಾರಣ ಮನೆಯ ತಾರಸಿಯಿಂದ ನೆಲಕ್ಕೆ ಬಿಟ್ಟಷ್ಟು. ವೇಗ ಗಂಟೆಗೆ 10 ಕಿ.ಮೀ. ಆಗಿದ್ದರೆ ಆ ಎತ್ತರ 40 ಸೆಂ.ಮೀ.ಗೂ ಕಡಿಮೆ, ಮೊಣಕಾಲಿನ ಮಟ್ಟಕ್ಕೂ ಕೆಳಗೆ. ವೇಗ ಮೂರು ಪಟ್ಟಾದರೆ ಪೆಟ್ಟು ಒಂಬತ್ತು ಪಟ್ಟಾಗುತ್ತದೆ. ಕಾರು ಮುರಿಯುವುದು ಹೀಗೆ. ಪಕ್ಕದಲ್ಲಿ ಆಡುವ ಪುಟ್ಟ ತಂಗಿಯ ಕಣಕಾಲಿಗೆ ಏಟಾಗುವುದೂ ಹೀಗೆಯೇ.

ತಮಿಯಾದವರು 1984ರಲ್ಲೇ ಇದನ್ನು ಅರಿತಿದ್ದರು. ಹೊಸಬರಿಗೆಂದು ತಂದ ಗ್ರಾಸ್‌ಹಾಪರ್‌ಗೆ 380 ವರ್ಗದ ಚಿಕ್ಕ ಮೋಟರು ಹಾಕಿದರು. ಅದೇ ವರ್ಷದ ಅದರ ಜೋಡಿ ಹಾರ್ನೆಟ್‌ಗೆ 540 ವರ್ಗದ ದೊಡ್ಡ ಮೋಟರು ಕೊಟ್ಟರು. ಆರರಿಂದ ಹತ್ತು ವರ್ಷದ ಮಗುವಿಗೆ ನಡಿಗೆಯ ವೇಗದಿಂದ ಓಟದ ವೇಗದವರೆಗಿನ ಕಾರು ಧಾರಾಳ. ಬಂಡೆ ಹತ್ತುವ 'ಕ್ರಾಲರ್' ಎಂಬ ಬಗೆಯವು ಇಷ್ಟೇ ನಿಧಾನ, ಆದರೆ ಎಳೆಯುವ ಬಲ ಹೆಚ್ಚು. ಮಗು ಅದರ ಹಿಂದೆಯೇ ನಡೆಯುತ್ತ, ಕೂತು ನೋಡುತ್ತ, ದಾರಿ ಹುಡುಕುತ್ತ ಆಡಬಹುದು. ವೇಗದ ಕಾರೇ ಕೊಳ್ಳುವುದಾದರೆ ರಿಮೋಟಿನಲ್ಲಿ ವೇಗದ ಮಿತಿ ಇಳಿಸುವ ಗುಂಡಿ ಇರಲಿ. ಮೊದಲ ತಿಂಗಳು ಅರ್ಧಕ್ಕೇ ನಿಲ್ಲಿಸಿ.

"ದೊಡ್ಡ ಚಕ್ರ, ಫೋರ್ ವೀಲ್ ಡ್ರೈವ್ ಇದ್ರೆ ಎಲ್ಲಿಗೆ ಬೇಕಾದ್ರೂ ಹೋಗುತ್ತೆ"

ಅಂಗಳದಲ್ಲಿ ಸೋತ ನಮ್ಮ ಮೊದಲ ಕಾರಿಗೆ ಎರಡೂ ಇದ್ದವು. ಆದರೆ ಚಕ್ರ ಗಟ್ಟಿ ಪ್ಲಾಸ್ಟಿಕ್. ಜಂಬಿಟ್ಟಿಗೆಯ ಮೇಲೆ ಅದು ಒಣ ಕಾಯಿಯಂತೆ ಜಾರುತ್ತಿತ್ತು. ಉಗುರಿನಿಂದ ಒತ್ತಿದರೆ ಒಳಕ್ಕೆ ಹೋಗುವಷ್ಟು ಮೆತ್ತಗಿನ ರಬ್ಬರು ಬೇಕು, ಅದರೊಳಗೆ ಸ್ಪಂಜು ತುಂಬಿದ್ದರೆ ಇನ್ನೂ ಒಳ್ಳೆಯದು.

ಚಕ್ರದ ಗಾತ್ರ ಲೆಕ್ಕಕ್ಕೆ ಬರುವುದು ನಿಮ್ಮ ನೆಲಕ್ಕೆ ಹೋಲಿಸಿದಾಗ. 1:24 ಅಂದರೆ ನಿಜವಾದ ವಾಹನದ ಇಪ್ಪತ್ನಾಲ್ಕನೇ ಒಂದು ಪಾಲು. ಮನೆ ಕಟ್ಟುವಲ್ಲಿ ಸುರಿದ 20 ಎಂ.ಎಂ. ಜಲ್ಲಿಯೂ ಅಷ್ಟು ಚಿಕ್ಕ ಕಾರಿಗೆ ಬಂಡೆಯೇ. ಚಕ್ರದ ಅರ್ಧ ಎತ್ತರ ಮೀರಿದ ಕಲ್ಲು ಎದುರಾದರೆ ಹೆಚ್ಚಿನ ಕಾರುಗಳು ನಿಂತುಬಿಡುತ್ತವೆ. ಮನೆಯೊಳಗೆ ಪುಸ್ತಕ, ದಿಂಬುಗಳ ಬೆಟ್ಟ ಹತ್ತಿಸಲು 1:24 ಚೆನ್ನ. ಅಂಗಳಕ್ಕೆ 1:16 ಅಥವಾ 1:12 ಬೇಕು. 1:10 ಇನ್ನೂ ಸಮರ್ಥ, ಆದರೆ ಭಾರ ಹೆಚ್ಚು, ಎಂಟು ವರ್ಷದವರಿಗೆ ಎತ್ತಿ ಒಯ್ಯುವುದೇ ಕೆಲಸವಾಗುತ್ತದೆ.

ಇನ್ನು ನಾಲ್ಕೂ ಚಕ್ರಕ್ಕೆ ಬಲ. ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇರುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದು ಸುಲಭದ ದಾರಿ ಹಿಡಿದು ಆ ಚಕ್ರವನ್ನೇ ಗರಗರ ತಿರುಗಿಸುತ್ತದೆ, ನೆಲ ಕಚ್ಚಿದ ಚಕ್ರ ಸುಮ್ಮನಿರುತ್ತದೆ. ಕಾಲುವೆಗೆ ಅಡ್ಡಡ್ಡ ಇಳಿದಾಗ ಮುಂದಿನ ಎಡ, ಹಿಂದಿನ ಬಲ ಚಕ್ರಗಳು ಒಟ್ಟಿಗೇ ಮೇಲೆದ್ದರೆ ಫೋರ್ ವೀಲ್ ಡ್ರೈವ್ ಇದ್ದೂ ಕಾರು ಕದಲುವುದಿಲ್ಲ. ಕ್ರಾಲರ್‌ಗಳಲ್ಲಿ ಈ ಡಿಫರೆನ್ಷಿಯಲ್ ಅನ್ನು ಕಟ್ಟಿಹಾಕಿರುತ್ತಾರೆ, ಹಾಗಾಗಿ ಅವು ಹತ್ತುತ್ತವೆ. ಅದೇ ಕಾರಣಕ್ಕೆ ಅವುಗಳ ತಿರುವು ಅಗಲ. ಬಯಲಿನಲ್ಲಿ ಓಡಿಸಲು ಒಂದು ಬಗೆ, ಕಲ್ಲು ಹತ್ತಿಸಲು ಇನ್ನೊಂದು ಬಗೆ. ಎರಡನ್ನೂ ಒಂದೇ ಕಾರಿನಿಂದ ಕೇಳಬಾರದು.

ಸಸ್ಪೆನ್ಷನ್ನಿಗೂ ಒಂದು ಸುಲಭ ಪರೀಕ್ಷೆ ಉಂಟು. ಕಾರನ್ನು ಮೇಲಿನಿಂದ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಅದರ ಷಾಕ್‌ಗಳಲ್ಲಿ ಎಣ್ಣೆಯೋ ಸಾಕಷ್ಟು ತಡೆಯೋ ಇದೆ. ಕುಪ್ಪಳಿಸುತ್ತಲೇ ಇದ್ದರೆ ಬರೀ ಸ್ಪ್ರಿಂಗು.

"ವಾಟರ್‌ಪ್ರೂಫ್ ಅಂತ ಬರೆದಿದೆ, ಹಳ್ಳಕ್ಕೂ ಇಳಿಸ್ಬಹುದು"

ಸಾಮಾನ್ಯವಾಗಿ ಇದರ ಅರ್ಥ ಒಳಗಿನ ಎಲೆಕ್ಟ್ರಾನಿಕ್ಸಿಗೆ ನೀರು ತಾಗದಂತೆ ಮುಚ್ಚಿದ್ದಾರೆ ಎಂದಷ್ಟೇ. ಬೇರಿಂಗು, ಸ್ಕ್ರೂ, ಮೋಟರಿನ ಕಾರ್ಬನ್ ಬ್ರಷ್ಷುಗಳಿಗೆ ಆ ಮುಚ್ಚಳವಿಲ್ಲ. ನೀರಿನಲ್ಲಿ ಓಡಿಸಿದ ದಿನ ಬ್ಯಾಟರಿ ತೆಗೆದು, ಕಾರನ್ನು ಒರೆಸಿ, ನೆರಳಿನಲ್ಲಿ ಒಣಗಿಸಿ, ಬೇರಿಂಗುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಡಬೇಕು. ಕರಾವಳಿಯವರಿಗೆ ವಿಶೇಷ ಎಚ್ಚರಿಕೆ: ಕಡಲ ದಂಡೆಯ ಉಪ್ಪು ಮತ್ತು ನುಣ್ಣನೆ ಮರಳು ಸೇರಿ ಬೇರಿಂಗನ್ನೂ ಗೇರನ್ನೂ ಒಟ್ಟಿಗೇ ತಿನ್ನುತ್ತವೆ. ವಿಜಯಪುರ, ಗದಗಿನ ಕಡೆಯ ಎರೆ ಮಣ್ಣು ಹಸಿಯಿದ್ದಾಗ ಚಕ್ರಕ್ಕೆ ಮೆತ್ತಿಕೊಂಡು ಮೋಟರನ್ನೇ ಬಿಸಿ ಮಾಡುತ್ತದೆ. ಮುಟ್ಟಿದ ಬೆರಳು ನಿಲ್ಲದಷ್ಟು ಮೋಟರು ಸುಟ್ಟರೆ ಆ ದಿನದ ಆಟ ಸಾಕು.

"ಎಂಎಎಚ್ ಜಾಸ್ತಿ ಇರೋ ಬ್ಯಾಟರಿ ಹಾಕಿದ್ರಾಯ್ತು"

ಎಂಎಎಚ್ ಅಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ, ಅದರ ಶಕ್ತಿಯಲ್ಲ. ಮಾರುಕಟ್ಟೆಯಲ್ಲಿ ಈ ಸಂಖ್ಯೆಯನ್ನು ಬೇಕಾದಂತೆ ಅಚ್ಚು ಹಾಕುತ್ತಾರೆ. 18650 ಎಂಬ ಲಿಥಿಯಂ ಸೆಲ್ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅಷ್ಟು ಜಾಗದಲ್ಲಿ ಸುಮಾರು 3500 ಎಂಎಎಚ್ ಹಿಡಿಸುವುದೇ ದೊಡ್ಡದು. ಆದರೂ 9900 ಎಂದು ಬರೆದ ಸೆಲ್‌ಗಳು ಮಾರಾಟಕ್ಕಿವೆ. ಆ ಸಂಖ್ಯೆ ಕಂಡರೆ ಮುಟ್ಟಬೇಡಿ.

ಇದಕ್ಕಿಂತ ಅಪಾಯದ ಸಂಗತಿ ಒಂದಿದೆ. 14500 ಎಂಬ ಸೆಲ್ ನೋಡಲು ಥೇಟ್ ನಮ್ಮ ಪೆನ್ಸಿಲ್ ಸೆಲ್ಲಿನಂತೆಯೇ, ಅದೇ ಗಾತ್ರ. ಆದರೆ ಪೆನ್ಸಿಲ್ ಸೆಲ್ 1.5 ವೋಲ್ಟ್, ಇದು 3.7 ವೋಲ್ಟ್. ಕಾರಿನೊಳಗಿನ ಇಂಥ ಸೆಲ್ಲನ್ನು ಮಗು ರಿಮೋಟಿಗೋ ಗೋಡೆ ಗಡಿಯಾರಕ್ಕೋ ಹಾಕಿದರೆ ಅದು ಸುಡುತ್ತದೆ. ಸೆಲ್ಲಿನ ಮೇಲೆ ಕೆಂಪು ಬಣ್ಣ ಹಚ್ಚಿ, ಇದು ಕಾರಿನದು ಮಾತ್ರ ಎಂದು ಹೇಳಿಕೊಡಿ.

ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಮೂರಕ್ಕಿಂತ ಕೆಳಗೆ ಇಳಿಯಬಾರದು. ಹಾಗಾಗಿ ಕಾರು ಮಂಕಾದ ಕೂಡಲೆ ನಿಲ್ಲಿಸುವುದು ಒಳ್ಳೆಯದು. ಚಾರ್ಜ್ ಮಾಡುವಾಗ ದೊಡ್ಡವರು ಎದುರಿಗಿರಬೇಕು, ಹಾಸಿಗೆ ಸೋಫಾಗಳ ಮೇಲಲ್ಲ, ಸಿಮೆಂಟು ನೆಲದ ಮೇಲೆ. ರಾತ್ರಿ ಹಾಕಿಟ್ಟು ಮಲಗುವುದು ಖಂಡಿತ ಬೇಡ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಅದಕ್ಕೆ ಔಷಧವಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ನೂರು ಮೀಟರ್ ರೇಂಜ್ ಇದೆ ಎಂದು ಹಿಗ್ಗಬೇಕಿಲ್ಲ, ಮೂವತ್ತು ಮೀಟರು ದಾಟಿದರೆ ಚಿಕ್ಕ ಕಾರು ಯಾವ ಕಡೆ ಮುಖ ಮಾಡಿದೆ ಎಂಬುದೇ ಮಗುವಿಗೆ ಕಾಣುವುದಿಲ್ಲ. ಸಂಪರ್ಕ ತಪ್ಪಿದಾಗ ಕಾರು ತಾನಾಗಿ ನಿಲ್ಲುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯ. ಇಬ್ಬರು ಮಕ್ಕಳ ಕಾರುಗಳು ಒಂದರ ರಿಮೋಟಿಗೆ ಇನ್ನೊಂದು ಓಡುತ್ತವೆ ಎಂಬ ದೂರು 27 ಮೆಗಾಹರ್ಟ್ಸ್‌ನ ಹಳೆಯ ಬಗೆಗೆ ಸರಿ. 2.4 ಗಿಗಾಹರ್ಟ್ಸ್‌ನವು ತಂತಮ್ಮ ರಿಮೋಟಿಗೇ ಜೋಡಿಯಾಗಿರುತ್ತವೆ. ಗಂಡು ಮಕ್ಕಳ ಆಟ ಎಂಬ ಮಾತಿಗೆ ಆಧಾರವೇ ಇಲ್ಲ. ಅಕ್ಕನ ಪಕ್ಕದ ಮನೆಯ ಹುಡುಗಿ ಧರೆ ಹತ್ತಿಸುವುದರಲ್ಲಿ ನನ್ನ ಸೋದರಳಿಯನಿಗಿಂತ ಮುಂದೆ.

ಐಎಸ್ಐ ಗುರುತಿನ ಬಗ್ಗೆಯೂ ಗೊಂದಲವಿದೆ. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು ಕಡ್ಡಾಯ. ವಿದ್ಯುತ್ತಿನ ಆಟಿಕೆಗಳಿಗೆ ಅನ್ವಯಿಸುವ ಮಾನಕ ಐಎಸ್ 15644. ಹಾಬಿ ದರ್ಜೆಯ ಅನೇಕ ಕಾರುಗಳ ಮೇಲೆ '14+' ಎಂದಿರುತ್ತದೆ. ಅಂಥವನ್ನು ಮಗು ಒಂಟಿಯಾಗಿ ಆಡಲೆಂದು ಮಾಡಿಲ್ಲ. ಅದನ್ನು ಕೊಂಡರೆ ನೀವೂ ಜೊತೆಗೆ ಕೂರಬೇಕು, ಸ್ಕ್ರೂಡ್ರೈವರು ಹಿಡಿಯಬೇಕು.

ಸೋದರಳಿಯನಿಗೆ ಈಗ ಹನ್ನೊಂದು. ಅವನ ಎರಡನೆಯ ಕಾರು 1:16 ಅಳತೆಯ ನಿಧಾನದ ಟ್ರಕ್ಕು, ಮೂರನೇ ಮಳೆಗಾಲ ನೋಡುತ್ತಿದೆ. ಎರಡು ಸಲ ಗೇರು, ಒಂದು ಸಲ ಸರ್ವೋ ಬದಲಾಗಿದೆ. ಕಳೆದ ಸಲ ಹೋದಾಗ ಕಾರು ಮುಕ್ಕರಿಯುತ್ತಿತ್ತು. ನಾನು ಕೈ ಹಾಕುವ ಮೊದಲೇ ಅವನು ಜಗಲಿಯ ಮೇಲೆ ಕೂತು ಹಿಂದಿನ ಚಕ್ರ ಕಳಚಿದ, ಆಕ್ಸಲ್ಲಿಗೆ ಬಿಗಿಯಾಗಿ ಸುತ್ತಿಕೊಂಡ ಅಡಿಕೆ ಸಿಪ್ಪೆಯ ನಾರನ್ನು ಸೂಜಿಯಿಂದ ಎಳೆದು ತೆಗೆದ, ಒಂದು ಹನಿ ಎಣ್ಣೆ ಬಿಟ್ಟ. "ಮಾವ, ಸ್ವಲ್ಪ ಸರಿ" ಎಂದು ನನ್ನನ್ನು ಮೆಟ್ಟಿಲಿನಿಂದ ಎಬ್ಬಿಸಿ, ಅದೇ ಮೆಟ್ಟಿಲಿಗೆ ಮುಂದಿನ ಚಕ್ರ ತಾಗಿಸಿದ.